ಸುಜಾತಾ ಕತ್ತರಿ ಹಿಡಿದ ವಾರ

ಕಬ್ಬೂರಿನ ಸುಜಾತಾಳ ಮನೆಯಲ್ಲಿ ಒಂದು ತುಡುಗು ಆಡು. ಅದರ ಕೊರಳಲ್ಲಿ ಜಾಲಿಯ ಕೊರಡು. ಪರರ ಹೊಲಕ್ಕೆ ಓಡಿದರೆ ಕೊರಡು ಮೊಣಕಾಲಿಗೆ ಬಡಿದು ಹೆಜ್ಜೆ ತಡೆಯಬೇಕು. ಗಡಿಯ ಜನ ಅದಕ್ಕೆ ಲೋಢಣ ಎನ್ನುತ್ತಾರೆ. ಅತ್ತೆ ಮಲಕವ್ವನಿಗೋ, ಕೆಲಸಕ್ಕೆ ಹೊರಟವರ ಮನಸ್ಸನ್ನು ಹಿಂದಕ್ಕೆ ಜಗ್ಗುವುದೆಲ್ಲ ಲೋಢಣವೇ: ಮೋಡ, ಮುನಿಸು, ಮಂದಿಯ ನಗು.

ಆ ವಾರ ಸುಜಾತಾಳ ಗಂಡ ಮಾಳೇಶ ಬೈಕಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದ. ಅವರ ಕುರಿಗಳ ಉಣ್ಣೆ ಕತ್ತರಿಸುವ ಆಳುಗಳೂ ಬಂದಿರಲಿಲ್ಲ. ಬರುವ ಸೋಮವಾರ ಊರಿನ ಕುರಿಗಳೆಲ್ಲ ಒಟ್ಟಾಗಿ ದೂರದ ಮೇವಿಗೆ ಹೊರಡಬೇಕಿತ್ತು. ಉಣ್ಣೆ ಹೊತ್ತ ಕುರಿ ಮಳೆಗೆ ತೊಯ್ದು ದಾರಿಯಲ್ಲೇ ಕುಸಿಯುತ್ತದೆಂದು ಅಂಥದ್ದನ್ನು ಯಾರೂ ಜತೆಗೆ ಕರೆದೊಯ್ಯುವುದಿಲ್ಲ.

"ನಾನ ಕತ್ತರಸ್ತೀನಿ," ಎಂದಳು ಸುಜಾತಾ.

ಹಿಂಡು ನಡೆಸುವ ಹಿರಿಯ ಕಾಡಸಿದ್ದ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. "ಹೆಣ್ಣಮಕ್ಕಳು ಕತ್ರಿ ಹಿಡದ್ರ ಮುಂದ ಕುರಿಗೆ ಉಣ್ಣೆ ಹುಟ್ಟಂಗಿಲ್ಲ ಅಂತಾರಬೇ. ಅದರಾಗ ನಿನ್ನ ಕೂಸಿಗೆ ಇನ್ನಾ ಹಲ್ಲ ಬಂದಿಲ್ಲ."

"ಕತ್ರಿ ಹಿಡ್ಯಾಕ ಕೂಸಿನ ಹಲ್ಲ ಯಾಕ ಬೇಕ್ರಿ ಕಾಕಾ?"

ಮಲಕವ್ವ ಕಿಸಕ್ಕನೆ ನಕ್ಕಳು. "ಎರಡ ಲೋಢಣ ಆದ್ವು ನೋಡ. ಇನ್ನೂ ಇದ್ರ ಕಟ್ಟಿಬಿಡ್ರಿ!"

ಮಾತಿನಲ್ಲೇನೋ ಸುಜಾತಾ ಗೆದ್ದಳು. ಆದರೆ ಮೊದಲ ಟಗರೇ ಒದೆಯಿತು, ಕತ್ತರಿಯ ತುದಿ ತಾಗಿ ರಕ್ತ ಜಿನುಗಿತು. ಬೇಲಿಯಾಚೆ ಯಾರೋ ನಕ್ಕರು. ಗಾಯಕ್ಕೆ ಅರಿಷಿಣ ಮೆತ್ತಿದಳು. ಕತ್ತರಿ ಕೆಳಗಿಟ್ಟಳು.

ಅಷ್ಟರಲ್ಲಿ ಆಡು ಎದುರಿಗೇ ಓಡಿತು. ಕೊರಳು ಓರೆ ಮಾಡಿ, ಕೊರಡನ್ನು ಒಂದು ಪಕ್ಕಕ್ಕೆ ತೂಗಿಸುತ್ತ, ಸೀದಾ ದ್ರಾಕ್ಷಿ ತೋಟದ ಕಡೆಗೆ!

"ಹಿಡೀರಿ ಅದನ್ನ!" ಎಂದು ಮಾಳೇಶ ಕೂಗಿದ. ಸುಜಾತಾ ಮಾತ್ರ ನೋಡುತ್ತ ನಿಂತಳು. ಕೊರಡು ಹೊತ್ತುಕೊಂಡೇ ಓಡಲು ಕಲಿತಿತ್ತು, ಹಲ್ಕಟ್ ಪ್ರಾಣಿ.

ಕೂಸಿಗೆ ಹಾಲೂಡಿಸಿ, ಬೇವಿನ ಟೊಂಗೆಗೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿದಳು. ಗಂಡನನ್ನು ಕರೆದಳು. "ಎಡಗೈ ಚಲೋ ಐತಲ್ರಿ? ಕೊಂಬ ಹಿಡೀರಿ. ಬಾಯೀನೂ ಚಲೋ ಐತಿ, ತಪ್ಪಿದ್ರ ಹೇಳ್ರಿ."

"ಕತ್ರಿ ನೆಟ್ಟಗ ನಿಲ್ಲಿಸಬ್ಯಾಡ, ಚರ್ಮದ ಮ್ಯಾಲ ಮಲಗಸು," ಎಂದ ಮಾಳೇಶ.

ಮಲಗಿಸಿದಳು. ಕರಿ ಉಣ್ಣೆ ಹಾಸಿಗೆ ಸುತ್ತಿದಂತೆ ಒಂದೇ ಸುರುಳಿಯಾಗಿ ಕಳಚಿತು. ಕೂಸು ಅತ್ತಾಗ ಎದ್ದಳು, ಮಲಗಿದಾಗ ಕೂತಳು. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಭಾನುವಾರ ಹೊತ್ತು ಮುಳುಗುವಷ್ಟರಲ್ಲಿ ಹಿಂಡಿನಲ್ಲಿ ಉಣ್ಣೆ ಹೊತ್ತ ಕುರಿ ಒಂದೂ ಉಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಾಡಸಿದ್ದ ಒಂದೊಂದು ಕುರಿಯ ಬೆನ್ನ ಮೇಲೂ ಕೈಯಾಡಿಸಿದ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಲೇ ಮಾಳ್ಯಾ, ನಿಮ್ಮ ಹಿಂಡ ಮುಂದ ಬಿಡ." ಆಮೇಲೆ ಸುಜಾತಾಳ ಕಡೆ ತಿರುಗಿ ದನಿ ತಗ್ಗಿಸಿದ. "ನಮ್ಮವು ಎರಡ ಕುರಿ ಉಳದಾವಬೇ. ಕತ್ರಿ ತರ್ತಿಯೇನ?"

"ಮುಂದ ಉಣ್ಣೆ ಹುಟ್ಟದಿದ್ರ, ಕಾಕಾ?"

"ಹುಟ್ಟತೈತಿ, ಬಾರಬೇ!"

ಸುಜಾತಾ ಕೂಸನ್ನು ಅತ್ತೆಯ ಕಂಕುಳಿಗೆ ದಾಟಿಸಿ, ಸೆರಗು ಬಿಗಿದು, ಕತ್ತರಿ ತರಲು ಓಡಿದಳು.