ಕಾಲಲ್ಲಿ ಒತ್ತೋ ಕೀ

"ಒತ್ತು ಅಣ್ಣ. ಕಾಲು ಒತ್ತಿ ಹಿಡ್ಕೊಂಡು ಎಡಗೈಲಿ 'ಎ' ಕೀ ಒತ್ತು" ಅಂದೆ.

ಒತ್ತಿದ. ಸ್ಕ್ರೀನ್ ಮೇಲೆ ಸೆಮಿಕೋಲನ್ ಬಂತು.

"ಬಂತಲ್ಲೋ!" ಅಂದ. ಹತ್ತು ಸಲ ಅದನ್ನೇ ಒತ್ತಿದ. ಸೆಮಿಕೋಲನ್ ಕೀ ಇರೋದು ಬಲಗೈ ಕಡೆ. ಬಲಗೈಲಿ ಈಗ ಹೆಬ್ಬೆರಳು, ಕಿರುಬೆರಳು ಅಷ್ಟೇ ಅದಾವೆ.

ನಾನು ಜಗಳೂರಲ್ಲಿ ವೆಲ್ಡಿಂಗ್ ಮಾಡ್ತೀನಿ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು. ಅಣ್ಣ ಓದ್ದ. ಮನೇಲೇ ಕೂತು ದಾವಣಗೆರೆಯ ಒಂದು ಆಫೀಸಿಗೆ ಸಾಫ್ಟ್‌ವೇರ್ ಬರೀತಿದ್ದ. ಮೆಕ್ಕೆಜೋಳ ಬಿಡಿಸೋ ದಿನ ಆಳು ಸಿಗ್ಲಿಲ್ಲ. ಅಣ್ಣ ತಾನೇ ಬಂದು ಮಷೀನಿಗೆ ತೆನೆ ಹಾಕಾಕೆ ನಿಂತ. ಮೂರು ಬೆರಳು ಹೋದ್ವು.

ಆ ಮಷೀನ್ ಬಾಯಿಗೆ ಒಂದು ತಗಡು ಇತ್ತು, ಕೈ ಒಳಗೆ ಹೋಗದಂಗೆ. ತೆನೆ ಅಲ್ಲೇ ಸಿಗಾಕ್ಕೊಂತಾವೆ, ಕೆಲಸ ನಿಧಾನ ಆಗ್ತೈತೆ ಅಂತ ಬೆಳಿಗ್ಗೆ ನಾನೇ ಬಿಚ್ಚಿದ್ದೆ. ನಾಲ್ಕು ಬೋಲ್ಟು. ಅಲ್ಲಿ ತಗಡು ಇರ್ತೈತೆ ಅನ್ನೋದೇ ಅಣ್ಣಂಗೆ ಗೊತ್ತಿರ್ಲಿಲ್ಲ. ಎಲ್ರೂ ಅವನ್ನ ಕರ್ಕೊಂಡು ಆಸ್ಪತ್ರೆಗೆ ಓಡಿದ್ರು. ನಾನು ತಗಡು ಮತ್ತೆ ಕೂರಿಸಿ ಆಮೇಲೆ ಹೋದೆ. ಯಾಕೆ ಅಂತ ಕೇಳಬ್ಯಾಡ್ರಿ. ಹೆದರಿದ್ದೆ.

ನೋಡಾಕೆ ಬಂದೋರೆಲ್ಲ ಅವನ ಮಂಚದ ಹತ್ರನೇ ನಿಂತು ಅಂದ್ರು, "ತಗಡು ಇದ್ರೂ ಕೈ ತೂರಿಸ್ಯಾನಲ್ರೀ. ಕಂಪ್ಯೂಟರ್ ಒತ್ತೋನಿಗೆ ಹೊಲದ ಕೆಲಸ ಎಲ್ಲಿ ಬರ್ತೈತೆ." ಅಣ್ಣ ಗೋಡೆ ಕಡೆ ತಿರುಗಿದ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡ್ಲಿಲ್ಲ.

ಗಾಯ ಒಣಗಿದ ಮೇಲೆ ಆಫೀಸಿನೋರು ಫೋನ್ ಮಾಡಿದ್ರು. ತಿಂಗಳ ಕೊನೆಗೆ ವಿಡಿಯೋದಲ್ಲಿ ಒಂದು ಕೆಲಸ ಕೊಡ್ತೀವಿ, ಟೈಮಿನೊಳಗೆ ಮುಗಿಸಿದ್ರೆ ನೌಕರಿ ಇರ್ತೈತೆ, ಇಲ್ಲಾಂದ್ರೆ ನೋಡಾನ ಅಂದ್ರು. ಮೊದ್ಲು ನೌಕರಿ ಉಳೀಲಿ, ಆಮೇಲೆ ತಗಡಿನ ವಿಷ್ಯ ಹೇಳ್ತೀನಿ ಅಂತ ನಾನು ಲೆಕ್ಕ ಹಾಕ್ದೆ.

ಅಣ್ಣ ಒಂದೇ ಕೈಲಿ ಟೈಪ್ ಹೊಡೀತಿದ್ದ. ನಾನು ಪಕ್ಕದಲ್ಲಿ ನೋಟ್‌ಬುಕ್ ಇಟ್ಕೊಂಡು, ಕೈ ಎಲ್ಲಿ ತಡೀತೈತೋ ಅಲ್ಲಿಗೊಂದು ಗೆರೆ ಎಳೀತಿದ್ದೆ. ಬ್ರಾಕೆಟ್, ಸೆಮಿಕೋಲನ್, ಎಂಟರ್, ಬಾಣದ ಕೀಗಳು. ಗೆರೆ ಎಲ್ಲ ಅಲ್ಲೇ ಬಿದ್ದಿದ್ವು.

"ಇಷ್ಟೊಂದು ಬ್ರಾಕೆಟ್ ಯಾಕಣ್ಣ? ಬೇಲಿ ಹಾಕ್ತೀಯೋ, ಪ್ರೋಗ್ರಾಮ್ ಬರೀತೀಯೋ?"

"ಲೇ, ನಿನ್ನ ವೆಲ್ಡಿಂಗ್ ನೋಡ್ಕೋ ಹೋಗು."

ಹೋಗ್ಲಿಲ್ಲ. ಹಳೇ ಕೀಬೋರ್ಡ್ ಬಿಚ್ಚಿ ಒಂದು ಕೀ ಕೆಲಸ ಮಾಡೋ ಎರಡು ತುದಿ ಹುಡುಕ್ದೆ. ಅವಕ್ಕೆ ವೈರ್ ಬೆಸೆದು ಕಾಲಿಂಗ್ ಬೆಲ್ಲಿನ ಸ್ವಿಚ್ಚಿಗೆ ಕೊಟ್ಟೆ. ಸ್ವಿಚ್ಚಿನ ಮೇಲೆ ಕಬ್ಬಿಣದ ಪಟ್ಟಿ, ಸ್ಪ್ರಿಂಗು. ಕಾಲಲ್ಲಿ ಒತ್ತಿದ್ರೆ ಕೀ ಒತ್ತಿದಂಗೆ. ಸೆಟ್ಟಿಂಗ್ ಅಣ್ಣ ಮಾಡ್ಕೊಂಡ. ಕಾಲು ಒತ್ತಿ ಹಿಡಿದ್ರೆ ಎಡಗಡೆ ಕೀಗಳೇ ಬಲಗಡೆ ಕೀಗಳಾಗ್ತಿದ್ವು.

"ಓದಿದೋರಿಗೆ ಕಾಲು ಐತೆ ಅನ್ನೋದೇ ಮರ್ತೋಗಿರ್ತೈತೆ" ಅಂದೆ.

"ಎಂಟನೇ ಕ್ಲಾಸಿನ ಇಂಜಿನಿಯರ್" ಅಂದು ನಕ್ಕ. ಬೆರಳು ಹೋದ ಮೇಲೆ ಅವತ್ತೇ ಅವನು ನಕ್ಕಿದ್ದು.

ಅಲ್ಲಿಂದ ಇಪ್ಪತ್ತು ದಿನ ಅದೇ ಕೆಲಸ. ನಾನು ಗೆರೆ ಎಳೆಯೋದು, ಅವನು ಶಾರ್ಟ್‌ಕಟ್ ಬದಲಾಯಿಸೋದು. ದಿನಾ ಬರೆಯೋ ಸಾಲುಗಳಿಗೆ ಎರಡೆರಡು ಅಕ್ಷರದ ಹೆಸರಿಟ್ಟ. ಅಷ್ಟು ಹೊಡೆದ್ರೆ ಆರು ಸಾಲು ತಾನೇ ಬರ್ತಿದ್ವು. ಮೌಸ್ ಎತ್ತಿ ಮಂಚದ ಕೆಳಗೆ ಹಾಕ್ದ. ಗೆರೆ ದಿನಾ ಕಡಿಮೆ ಆಗ್ತಾ ಬಂದ್ವು. ಒಂದಿನ ಮಧ್ಯಾಹ್ನ ಕೀಬೋರ್ಡಿಂದ ಕಣ್ಣು ತೆಗೀದೆ ಅಂದ, "ನೀನಿಲ್ದಿದ್ರೆ ನಾನು ಏನಾಗ್ತಿದ್ನೋ ತಮ್ಮ." ತಗಡಿನ ವಿಷ್ಯ ಬಾಯಿಗೆ ಬಂದಿತ್ತು. ಇನ್ನೆಂಟು ದಿನ ಐತೆ, ಈಗ ಬ್ಯಾಡ ಅಂತ ನುಂಗಿದೆ.

ಆಫೀಸಿನೋರು ಹೇಳಿದ್ದ ದಿನ ಬಂತು. ನಾನು ಬಾಗಿಲ ಹೊರಗೆ ಕೂತು ಸದ್ದು ಕೇಳ್ತಿದ್ದೆ. ಹತ್ತು ನಿಮಿಷ ಮೊದ್ಲೇ ಮುಗಿಸ್ದ. ನೌಕರಿ ಉಳೀತು. ಅವ್ವ ಶಾವಿಗೆ ಪಾಯಸ ಮಾಡಿದ್ಲು.

ಮಾರನೇ ದಿನ ಟೀ ಕುಡಿಯೋವಾಗ ಹೇಳ್ದೆ. "ಅಣ್ಣ, ಅವತ್ತು ಮಷೀನ್ ಬಾಯಿಗೆ ತಗಡು ಇರ್ಲಿಲ್ಲ. ನಾನೇ ಬಿಚ್ಚಿದ್ದೆ. ನಿನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ಮೇಲೆ ಮತ್ತೆ ಕೂರಿಸ್ದೆ."

ಲೋಟ ಕೆಳಗಿಟ್ಟ.

"ಜನ ಎಲ್ಲ ನಂಗೆ ಕೈಲಾಗದೋನು ಅನ್ನೋವಾಗ ನೀನು ಅಲ್ಲೇ ಇದ್ದೆ ಅಲ್ಲ?"

"ಇದ್ದೆ."

"ಇಷ್ಟು ದಿನ ಪಕ್ಕದಲ್ಲೇ ಕೂತಿದ್ದೆ."

"ಮೊದ್ಲು ನೌಕರಿ ಉಳೀಲಿ ಅಂತ..."

"ಬೆರಳು ಹೋಗಿದ್ದಕ್ಕೆ ನಿಂಗೆ ಎರಡು ಬಾರಿಸಿ ಸುಮ್ನಾಗ್ತಿದ್ದೆ ಕಣೋ. ಇದಕ್ಕೆ ಏನ್ ಮಾಡ್ಲಿ ಹೇಳು."

ಟೀ ಅಲ್ಲೇ ಬಿಟ್ಟು ಎದ್ದು ಹೋದ.

ಆ ವಾರನೇ ಹೊನ್ನಾಳಿಗೆ ಹೋದ. ಅಲ್ಲಿ ಗೆಳೆಯನ ಜೊತೆ ರೂಮ್ ಮಾಡ್ಯಾನೆ. ಅವನ ಕೆಲಸ ಎಲ್ಲಿ ಕೂತ್ರೂ ಆಗ್ತೈತೆ, ಹೋಗ್ಲೇಬೇಕು ಅಂತೇನಿರ್ಲಿಲ್ಲ. ತಗಡಿನ ವಿಷ್ಯ ಅವ್ವಂಗೂ ನಾನೇ ಹೇಳ್ದೆ. ಬೈತಾಳೆ ಅನ್ಕೊಂಡಿದ್ದೆ, ಬೈಲಿಲ್ಲ.

ಮೊನ್ನೆ ಭಾನುವಾರ ಅವ್ವ ಅವನಿಗೆ ಫೋನ್ ಹಚ್ಚಿದ್ಲು. ಸ್ಪೀಕರ್ ಹಾಕಿದ್ಲು. ಊಟ ಆತಾ, ನೀರು ಬರ್ತೈತಾ, ಎಲ್ಲ ಕೇಳಿದ್ಲು. ಆಮೇಲೆ, "ತಮ್ಮ ಇಲ್ಲೇ ಅದಾನಪ್ಪ, ಕೊಡ್ಲಾ?" ಅಂದ್ಲು.

"ಮೀಟಿಂಗ್ ಐತವ್ವ" ಅಂದ.

ಭಾನುವಾರ ಯಾವ ಮೀಟಿಂಗು. ಅಷ್ಟೇರೀ. ಇನ್ನು ಹೇಳಾಕೆ ನಂಗೇನೂ ಇಲ್ಲ.