ಹೊಂಡಕ್ಕೆ ಹಾಸಿದ ಹಾಳೆ

ಇಂಡಿ ಸುತ್ತಿನ ನಿಂಬೆ ತೋಟಗಳಲ್ಲಿ ಹೊಂಡ ತೋಡಿ ಪ್ಲಾಸ್ಟಿಕ್ ಹಾಳೆ ಹಾಸುವುದು ಆಗಿನ್ನೂ ಹೊಸದು. ಕರೆಂಟು ಇದ್ದಾಗ ಬೋರಿನ ನೀರನ್ನು ಅದರಲ್ಲಿ ತುಂಬಿಟ್ಟುಕೊಂಡು ಬೇಸಿಗೆಯಲ್ಲಿ ಗಿಡಗಳಿಗೆ ಬಿಡಬೇಕೆಂದು ಮಾವನವರೂ ಒಂದು ತೋಡಿಸಿದರು. ಕರಿ ಹಾಳೆಯ ಸುರುಳಿ ಬಂದ ದಿನ ಊರಿನ ಅರ್ಧ ಮಂದಿ ನೋಡಲು ಬಂದಿದ್ದರು.

ಹಾಸುವ ಕೆಲಸ ಮೊದಲಿಗೇ ಕೆಟ್ಟಿತು. ಹೊಂಡದ ತಳದ ತುಂಬ ಚೂಪು ಗರಸು. ಹರಳನ್ನೆಲ್ಲ ಆರಿಸಿ, ಸಣ್ಣ ಮಣ್ಣು ಹರವಿ, ಆಮೇಲೆ ಹಾಳೆ ಬಿಚ್ಚಬೇಕೆಂದರು ಕೆಲಸದವರು. ಅತ್ತೆಗೆ ಅಷ್ಟು ಪುರುಸೊತ್ತಿರಲಿಲ್ಲ.

"ಅಯ್ಯನವರು ಹೇಳಿದ ಗಳಿಗಿ ಮಧ್ಯಾಹ್ನಕ್ಕ ಮುಗೀತೈತಿ. ನೀವು ಹಳ್ಳು ಆರಸ್ಕೋತ ಕುಂತ್ರ ಗಂಗವ್ವ ನಿಮ್ಮ ದಾರಿ ಕಾಯ್ತಾಳೇನು?"

ಆರಿಸಿದಷ್ಟು ಆರಿಸಿ, ಹಾಳೆ ಎಳೆದು, ಅಂಚನ್ನು ದಂಡೆಯ ಮಣ್ಣಿನಲ್ಲಿ ಹುಗಿದರು. ಹೋಗುವಾಗ ಒಬ್ಬ, "ಚಪ್ಪಲಿ ಹಾಕ್ಕೊಂಡು ಯಾರೂ ಇಳೀಬ್ಯಾಡ್ರಿ ಮತ್ತ," ಎಂದು ಹೇಳಿಯೇ ಹೋದ.

ನಮ್ಮಲ್ಲಿ ಹೊಸ ಬಾವಿ ತೋಡಿದರೆ ಐವರು ಮುತ್ತೈದೆಯರು ತಳಕ್ಕಿಳಿದು ಗಂಗವ್ವನ ಪೂಜೆ ಮಾಡಿ ಉಡಿ ತುಂಬುವುದುಂಟು. ಹೊಂಡವೂ ಬಾವಿಯೇ ಎಂದರು ಅತ್ತೆ. ಅತ್ತೆ, ನಾನು, ಓಣಿಯ ಮೂವರು ದಂಡೆಯ ಮೇಲೆ ಚಪ್ಪಲಿ ಬಿಟ್ಟು ಇಳಿದೆವು. ಹಾಳೆ ಎಣ್ಣೆ ಸವರಿದಂತೆ ಜಾರುತ್ತಿತ್ತು. ಒಬ್ಬರ ಕೈ ಒಬ್ಬರು ಹಿಡಿದು, ಕಾಲ್ಬೆರಳು ಊರಿ ಊರಿ ತಳ ಮುಟ್ಟಿದೆವು.

ನನ್ನ ನೆಗೆಣ್ಣಿ, ಎಂದರೆ ತೀರಿಕೊಂಡ ಭಾವನವರ ಹೆಂಡತಿ, ಮಾತ್ರ ನಿಂಬೆಗಿಡದ ನೆರಳಿನಲ್ಲಿ ನಿಂತಿದ್ದಳು. ನಸುಕಿನಲ್ಲೆದ್ದು ನೈವೇದ್ಯದ ಹೋಳಿಗೆ ಮಾಡಿದವಳು ಅವಳೇ. ಹಾಡು ಕೇಳಿ ಮನಸ್ಸು ತಡೆಯದೆ ದಂಡೆಗೆ ಬಂದು ಬಗ್ಗಿ ನೋಡಿದಳು.

"ಅಕಿ ಯಾಕ ಇಣುಕಾಕತ್ತಾಳ? ಸರಿ ಅನ್ರಿ ಅಕಿಗೆ," ಎಂದರು ಅತ್ತೆ, ಆರತಿ ಕೈಯಲ್ಲಿರುವಾಗಲೇ.

ಅವಳು ಸರಿದಳು.

ಹೊಂಡ ತುಂಬಿತು. ಆದರೆ ದಿನಾ ಬೆಳಿಗ್ಗೆ ನೋಡಿದರೆ ನೀರು ಕೆಳಗೆ, ಹಸಿ ಗೆರೆ ಮೇಲೆ. ಮಾವನವರು ಮತ್ತೆ ತುಂಬಿಸಿದರು, ಮತ್ತೆ ಇಳಿಯಿತು. ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ, ನೆಗೆಣ್ಣಿ ಬಿಸಿ ರೊಟ್ಟಿ ಬಡಿಸುತ್ತಿದ್ದಳು. ಅತ್ತೆ ಅವಳ ಮುಖ ನೋಡದೆ ಹೇಳಿದರು:

"ಗಂಡನ್ನ ನುಂಗಿದ ಕಣ್ಣಿಗೆ ಹೊಂಡದ ನೀರು ಯಾವ ಲೆಕ್ಕ!"

ಆಮೇಲೆ ನನ್ನ ಯಜಮಾನರ ಕಡೆ ತಿರುಗಿ, "ಅಮಾಸಿ ಕಳೀಲಿ, ಅಕಿನ್ನ ಬಾಗೇವಾಡಿಗೆ ಬಿಟ್ಟು ಬಾರಪಾ," ಎಂದರು.

ಬಾಗೇವಾಡಿ ಅವಳ ತವರು. ತಂದೆತಾಯಿ ಇರಲಿಲ್ಲ. ಹಿಂದೊಮ್ಮೆ ಹೋದಾಗ ಅಣ್ಣನ ಹೆಂಡತಿ ಹೊಟ್ಟು ತುಂಬುವ ಕೋಣೆಯಲ್ಲಿ ಹಾಸಿಕೊಟ್ಟು, ಬೆಳಿಗ್ಗೆ ಚಹಾದ ಕಪ್ಪು ಕೈಗಿಡುತ್ತಲೇ, "ಬಸ್ಸು ಎಷ್ಟಕ್ಕ ಐತ್ರಿ?" ಎಂದು ಕೇಳಿದ್ದಳು. ನೆಗೆಣ್ಣಿ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಅತ್ತೆಯ ಮುಂದೆ ಕೂತಳು.

"ಅತ್ತಿ, ನನಗ ಒಂದು ರೊಟ್ಟಿ ಕಡಿಮಿ ಹಾಕ್ರಿ. ಅಲ್ಲಿಗೆ ಮಾತ್ರ ಕಳಸಬ್ಯಾಡ್ರಿ."

"ನಾ ಯಾರ ರೊಟ್ಟಿನೂ ಎಣಸಂಗಿಲ್ಲವಾ. ಕಾಲ್ಗುಣ ನೋಡ್ತೇನಿ."

ಅಮಾವಾಸ್ಯೆಗೆ ಮೊದಲೇ ಹೊಂಡ ಪೂರ್ತಿ ಬತ್ತಿತು. ತಳದ ರಾಡಿ ಒರೆಸಿ ತೂತು ಎಲ್ಲಿದೆ ನೋಡಿರೆಂದು ನಮ್ಮಿಬ್ಬರನ್ನು ಇಳಿಸಿದರು. ಅತ್ತೆ, ಮಾವ ದಂಡೆಯ ಮೇಲೆ ನಿಂತರು. ಅರಿವೆಯಿಂದ ಒರೆಸುತ್ತ ಹೋದಂತೆ ಹಾಳೆಯ ಮೇಲೆ ಸಣ್ಣ ಸಣ್ಣ ಸೀಳು ಕಂಡವು. ಉಗುರಿನಿಂದ ಚಿವುಟಿದ ಹಾಗೆ, ಎರಡೆರಡರ ಜೋಡಿ. ನಾವು ಇಳಿದ ಕಡೆಯಿಂದ ಹೊರಟು, ಪೂಜೆಯ ಜಾಗ ಸುತ್ತಿ, ಮತ್ತೆ ಹತ್ತಿದ ಕಡೆಗೆ. ನಾನು ಒಂದು ಜೋಡಿಯ ಮೇಲೆ ಕಾಲಿಟ್ಟು ನೋಡಿದೆ. ನನ್ನ ಬೆಳ್ಳಿ ಕಾಲುಂಗುರ ಸರಿಯಾಗಿ ಅಲ್ಲೇ ಕೂತಿತು. ಕೆಳಗೆ ಗರಸು, ಮೇಲೆ ಉಂಗುರ. ನಡುವೆ ಸಿಕ್ಕ ಹಾಳೆ ಹರಿಯದೆ ಏನಾದೀತು?

"ಅತ್ತಿ, ಚಪ್ಪಲಿ ತಗದಿದ್ವಿ, ಕಾಲುಂಗುರ ತಗದಿದ್ವೇನ್ರಿ?" ಎಂದು ಕೂಗಿದೆ. "ಇವು ನಮ್ಮ ಐದೂ ಮಂದಿ ಕಾಲು. ಅಕ್ಕ ಒಳಗ ಇಳಿದೇ ಇಲ್ಲ. ಅಕಿ ಕಾಲಾಗ ಉಂಗುರಾನೂ ಇಲ್ಲ!"

ಅವಳ ಪರವಾಗಿ ಆಡಿದ ಮಾತು. ಆದರೂ ಕೊನೆಯದನ್ನು ಕೇಳಿ ನೆಗೆಣ್ಣಿ ಸೀರೆ ಜಗ್ಗಿ ಪಾದ ಮುಚ್ಚಿಕೊಂಡಳು.

"ಮುತ್ತೈದಿ ಉಂಗುರಕ್ಕ ಹೆಸರಿಡ್ತೀಯೇನ? ನಾಲಿಗಿ ಸೇದಿ ಹೋದೀತು," ಎಂದರು ಅತ್ತೆ. "ಹರದಿದ್ದು ನಾವಾ ಇರಬೇಕು. ಹರಿಯೂ ಹಂಗ ಮಾಡಿದ್ದು ಅಕಿ ಕಣ್ಣು."

ಮಾವನವರು ಬೀಡಿ ಹಚ್ಚಿದರು. ಸೀಳುಗಳನ್ನೇ ನೋಡುತ್ತ ನಿಂತವರು ನಕ್ಕುಬಿಟ್ಟರು.

"ಇರ್ಲಿ ಬಿಡ ಅಕಿ. ವರ್ಷಾ ರಾಡಿ ತಗಿಯಾಕ ಯಾರರ ಇಳೀಬೇಕಲ್ಲ? ಉಂಗುರ ಇಲ್ಲದ ಕಾಲು ಮನ್ಯಾಗ ಒಂದರ ಇರಬೇಕು."

ಹೀಗೆ ನೆಗೆಣ್ಣಿ ನಮ್ಮ ಮನೆಯಲ್ಲಿ ಉಳಿದಳು. ದೇವರು ದೊಡ್ಡವನು, ಬಾಗೇವಾಡಿಯ ಬಸ್ಸು ತಪ್ಪಿಸಿದ. ಹಾಳೆಗೆ ತೇಪೆ ಬಿತ್ತು, ನೀರು ನಿಂತಿತು, ಗಿಡ ಉಳಿದವು. ಇವನ್ನೆಲ್ಲ ನಾನು ಸಂಜೆ ದೀಪ ಹಚ್ಚುವಾಗ ಮರೆಯದೆ ನೆನೆಯುತ್ತಿದ್ದೆ.

ಮರುವರ್ಷ ಹೊಂಡದ ರಾಡಿ ತೆಗೆದ ದಿನ ಮತ್ತೆ ಗಂಗವ್ವನ ಪೂಜೆ. ಈ ಸಲ ಮುತ್ತೈದೆಯರು ಯಾರೂ ಇಳಿಯಲಿಲ್ಲ. ದಂಡೆಯ ಮೇಲೆ ಸಾಲಾಗಿ ನಿಂತು ಅಲ್ಲಿಂದಲೇ ಅರಿಸಿನ ಕುಂಕುಮ ತೂರಿದೆವು. ನೆಗೆಣ್ಣಿ ಇನ್ನೂ ಕೆಳಗೇ ಇದ್ದಳು. ಬುಟ್ಟಿಯಲ್ಲಿ ಕಡೆಯ ರಾಡಿ ತುಂಬುತ್ತಿದ್ದವಳು ಹಾಡು ಕೇಳಿ ಮುಖ ಎತ್ತಿದಳು. ಗಾಳಿಗೆ ಹಾರಿದ ಕುಂಕುಮ ಅವಳ ಹಣೆಯ ಮೇಲೆ ಬಿತ್ತು.

"ಒರಸ್ಕೋ, ಲಗೂ ಒರಸ್ಕೋ!" ಅತ್ತೆ ಮೇಲಿನಿಂದ ಚೀರಿದರು.

ಅವಳು ಹಾಳೆ ಒರೆಸುತ್ತಿದ್ದ ಅರಿವೆಯಿಂದಲೇ ಹಣೆ ಒರೆಸಿಕೊಂಡಳು. ಕುಂಕುಮ ಹೋಯಿತು, ರಾಡಿ ಹತ್ತಿತು. ಅತ್ತೆ ಸಮಾಧಾನವಾಗಿ ಹಾಡಿನ ಮುಂದಿನ ಸಾಲು ಎತ್ತಿಕೊಂಡರು.