ಗಾಡಿ ಬಾರದ ಮಧ್ಯಾಹ್ನ

ನಮ್ಮ ವಿಜ್ಞಾನದ ಮೇಷ್ಟ್ರ ಬಲಗಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು, ಬೀಡಿ ಸಿಕ್ಕಿಸಿಕೊಂಡವರ ಹಾಗೆ. ಸಂತೆಗೆ ಹೋದರೂ ಅದು ಅಲ್ಲೇ. ಆರಿಸಿದ ತೆಂಗಿನಕಾಯಿಗೆ ಅದರಿಂದಲೇ ಗುರುತು ಹಾಕಿ ಅಂಗಡಿಯವನಿಂದ ಬೈಸಿಕೊಳ್ಳುತ್ತಿದ್ದರು.

ಅರಸೀಕೆರೆಯಲ್ಲಿ ಅವರ ಮನೆ ರೈಲು ಹಳಿಯ ಪಕ್ಕದಲ್ಲೇ ಇತ್ತು. ಗಂಡಸಿಯಿಂದ ಬಸ್ಸಿನಲ್ಲಿ ಬಂದು ಹೈಸ್ಕೂಲು ಓದುತ್ತಿದ್ದ ನಾನು, ಇಷ್ಟು ಸದ್ದಿನಲ್ಲಿ ಹೇಗೆ ಮಲಗುತ್ತೀರಿ ಸಾರ್ ಎಂದು ಒಮ್ಮೆ ಕೇಳಿದ್ದೆ.

"ಗಾಡಿ ಬಂದ್ರೆ ನಮಗೆ ಎಚ್ಚರ ಆಗಲ್ಲ ಕಣಮ್ಮ, ಬರ್ದೇ ಇದ್ರೆ ಆಗುತ್ತೆ. ರೂಢಿ ಆಗಿದ್ದನ್ನ ಬಿಟ್ಟು ಹೊಸದನ್ನ ಹಿಡ್ಕೊಳ್ಳೋದೇ ಮಿದುಳಿನ ಕೆಲಸ" ಎಂದರು.

ಇವತ್ತು ನಾನು ಹಾಸನದಲ್ಲಿ, ಮಿದುಳಿನಂತೆ ಕೆಲಸ ಮಾಡುವ ಚಿಪ್ ರೂಪಿಸುವವರ ಜೊತೆ ದುಡಿಯುತ್ತಿದ್ದರೆ ಅದಕ್ಕೆ ಆ ಮಾತೇ ಕಾರಣ.

ಅವರದು ಇನ್ನೊಂದು ಮಾತಿತ್ತು: "ಅರ್ಧ ಸರಿ ಅಂದ್ರೆ ತಪ್ಪು." ಚಿತ್ರದಲ್ಲಿ ಒಂದು ಬಾಣದ ಗುರುತು ಬಿಟ್ಟುಹೋಗಿದ್ದರೂ ಪುಟ ಹರಿದು ಮತ್ತೆ ಬರೆಸುತ್ತಿದ್ದರು. ನಾವು ಬೆನ್ನ ಹಿಂದೆ ಶಪಿಸುತ್ತಿದ್ದೆವು.

ನಿವೃತ್ತರಾದ ಮೇಲೆ ಕಿವಿ ಮಂದವಾಯಿತು. ಸೀಮೆಸುಣ್ಣದ ಜಾಗಕ್ಕೆ ಕಿವಿಯ ಯಂತ್ರ ಬಂತು. ಅದು ಮಿಕ್ಸಿ, ರೈಲು, ಹೆಂಡತಿ ಎಲ್ಲವನ್ನೂ ಒಂದೇ ಸಮ ಜೋರು ಮಾಡುತ್ತಿತ್ತು. ಅವರ ಹೆಂಡತಿಯದು ಮೊದಲಿಂದಲೂ ಮೆಲುದನಿ. ಆ ಅಮ್ಮ ಈಗ ಗಂಟಲು ಹರಿಯುವಂತೆ ಕೂಗಬೇಕು. "ಎಲ್ಲಾ ಕೇಳುತ್ತೆ, ಇವಳು ಹೇಳೋದೊಂದು ಕೇಳಲ್ಲ. ಅದೊಂದು ಕೇಳೋ ಹಾಗೆ ಮಾಡಮ್ಮ, ಸಾಕು" ಎಂದು ಮೇಷ್ಟ್ರು ನನ್ನನ್ನು ಕೇಳಿಕೊಂಡರು.

ಸಾಮಾನ್ಯ ಚಿಪ್ ಬಂದ ಸದ್ದನ್ನೆಲ್ಲ ಬಿಡದೆ ಲೆಕ್ಕ ಹಾಕುತ್ತಲೇ ಇರುತ್ತದೆ. ನಮ್ಮದು ಮಿದುಳಿನ ನರಕೋಶಗಳ ಹಾಗೆ ಸುಮ್ಮನಿದ್ದು, ಬೇಕಾದದ್ದು ಬಂದಾಗ ಮಾತ್ರ ಮಿಡಿಯುತ್ತದೆ. ಯಾವುದು ಬೇಕು ಎಂಬುದನ್ನು ಅದಕ್ಕೆ ಕಲಿಸಬೇಕು. ಅವರ ಮನೆಯಲ್ಲೇ ಕೂತು ಅಮ್ಮನ ಮಾತು ರೆಕಾರ್ಡ್ ಮಾಡಿ, ಇದು ಬೇಕು ಎಂದು ಕಲಿಸಿದೆ. ರೈಲಿನ ಸದ್ದು ರೆಕಾರ್ಡ್ ಮಾಡಿ, ಇದು ಬೇಡ ಎಂದೆ.

ಅಂತೂ ಒಂದು ಮಧ್ಯಾಹ್ನ, ಆ ಚಿಪ್ ಕೂರಿಸಿದ, ಬೆಂಕಿಪೊಟ್ಟಣದಷ್ಟು ದಪ್ಪದ ಡಬ್ಬಿಯನ್ನು ಅವರ ಜೇಬಿಗಿಟ್ಟು, ಹೊರಗಿನ ಸದ್ದು ತಡೆದು ಡಬ್ಬಿಯದನ್ನಷ್ಟೇ ಕೇಳಿಸುವ ಬಿರಡೆಗಳನ್ನು ಎರಡೂ ಕಿವಿಗೆ ಬಿಗಿಯಾಗಿ ಸಿಕ್ಕಿಸಿದೆ. ಅಮ್ಮ ಅಡುಗೆಮನೆಯಿಂದ ತಮ್ಮ ಹಳೆಯ ದನಿಯಲ್ಲಿ, ಕಾಫಿಗೆ ಸಕ್ಕರೆಯೋ ಬೆಲ್ಲವೋ ಎಂದು ಕೇಳಿದರು. "ಬೆಲ್ಲ" ಎಂದರು ಮೇಷ್ಟ್ರು. ಅಮ್ಮ ಬಾಗಿಲಿಗೆ ಬಂದು ಹಾಗೇ ನಿಂತುಬಿಟ್ಟರು. ಆಮೇಲೆ ಇಬ್ಬರೂ ಪಿಸುಪಿಸು ಮಾತಾಡುತ್ತಾ ಕೂತರು. ಹಳೇಬೀಡಿನ ನೆಂಟರ ಮದುವೆಯಲ್ಲಿ ಯಾರೋ ಮುನಿಸಿಕೊಂಡು ಉಣ್ಣದೆ ಹೋದದ್ದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲವಂತೆ. ನಾನು ಮೊಬೈಲು ನೋಡುವವಳ ಹಾಗೆ ತಲೆ ತಗ್ಗಿಸಿದೆ. ಅಳು ಬಂದಿತ್ತು.

ಮಾತು ಮುಗಿದು ಕುರ್ಚಿಯಲ್ಲೇ ಜೊಂಪು ಹತ್ತಿದ ಮೇಷ್ಟ್ರು, ಸ್ವಲ್ಪ ಹೊತ್ತಿಗೆ ತಟಕ್ಕನೆ ಎದ್ದು ಹೊರಗೆ ಓಡಿದರು. ಎದುರಿಗೆ ಗಾಡಿ ಹೋಗುತ್ತಿತ್ತು. "ಕಣ್ಣಿಗೆ ಕಾಣ್ತಾ ಐತೆ, ಸದ್ದೇ ಇಲ್ವಲ್ಲಮ್ಮ" ಎಂದರು. ನನಗೆ ನಾಚಿಕೆಯಾಯಿತು. ಅವರು ಹೇಳಿಕೊಟ್ಟ ಪಾಠವನ್ನೇ ನಾನು ಮರೆತಿದ್ದೆ.

ಬಿರಡೆ ಎರಡನ್ನೂ ತೆಗೆದು ನನ್ನ ಕೈಗಿತ್ತರು. ಸ್ವಲ್ಪ ಗಾಡಿಯೂ ಇರಲಿ, ಸರಿ ಮಾಡಿಕೊಂಡು ಬಾ ಎಂದರು.

"ಇರ್ಲಿ ಬಿಡಿ, ನಾಕು ದಿನ ಹಾಕ್ಕೊಳ್ಳಿ" ಎಂದರು ಅಮ್ಮ, ಮೆಲ್ಲಗೆ.

ಬಿರಡೆಗಳು ನನ್ನ ಕೈಯಲ್ಲಿದ್ದವು. ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತ್ತು. ಆದರೂ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಎಷ್ಟಾದರೂ ಅವರ ಶಿಷ್ಯೆ.

ಅದನ್ನು ಸರಿ ಮಾಡಿ ಒಯ್ಯುವಷ್ಟರಲ್ಲಿ ಮೇಷ್ಟ್ರು ಹೋಗಿಬಿಟ್ಟರು. ಡಬ್ಬಿ ನನ್ನ ಮೇಜಿನ ಮೇಲಿದೆ. ಈಗ ಅದರಲ್ಲಿ ಗಾಡಿ ದೂರದಿಂದ, ಅವರು ಬೇಕೆಂದಷ್ಟೇ, ಕೇಳಿಸುತ್ತದೆ. ಅರ್ಧ ಸರಿಯಿದ್ದಾಗಲೇ ಅದನ್ನು ಅಲ್ಲಿ ಬಿಟ್ಟು ಬರಬೇಕಿತ್ತು.

ಅಮ್ಮ ಈಗ ಬೇಲೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊನ್ನೆ ಹೋದಾಗ ಬೀದಿಗೆಲ್ಲ ಕೇಳುವ ಹಾಗೆ ನನ್ನನ್ನು ಒಳಗೆ ಕರೆದರು. ಯಾಕಮ್ಮ ಇನ್ನೂ ಹಿಂಗೆ ಕೂಗ್ತೀಯ ಎಂದು ಮಗಳು ಗದರಿದಳು.

"ರೂಢಿ ಬಿಡಲ್ಲ ಕಣೇ" ಎಂದ ಅಮ್ಮ ನನ್ನ ಕಡೆ ತಿರುಗಿದರು. "ಮೆಲ್ಲಗೆ ಮಾತಾಡಿದ್ದು ಅವತ್ತೊಂದು ಮಧ್ಯಾಹ್ನ, ಅಲ್ವೇನಮ್ಮ?"